ಮಳೆಗೆ ಮುನ್ನ ಬಾವಿಯ ಸುತ್ತ ಒಂದು ಸುತ್ತು

ಕಾಸರಗೋಡಿನ ಹೆಚ್ಚಿನ ಮನೆಗಳಿಗೆ ಅಂಗಳದ ಬಾವಿಯೇ ಗತಿ. ಪೆರ್ಲ, ಬದಿಯಡ್ಕ ಕಡೆಯ ಗುಡ್ಡದ ಮನೆಗಳಲ್ಲಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರೂ ಇದೆ. ಮಳೆನೀರನ್ನು ಸರಸರನೆ ಒಳಗಿಳಿಸಿಕೊಳ್ಳುವ ನಮ್ಮ ಮುರಕಲ್ಲು ಬಚ್ಚಲು ನೀರಿಗೂ ಅಷ್ಟೇ ಸಲೀಸಾಗಿ ದಾರಿ ಬಿಡುತ್ತದೆ. ಹೊಳೆ ಕೆಟ್ಟಿತೆಂದು ಪಂಚಾಯತನ್ನು ಬೈಯುವ ಮೊದಲು, ಮೇ ತಿಂಗಳಲ್ಲೇ ಸ್ವಂತ ಅಂಗಳಕ್ಕೊಂದು ಸುತ್ತು ಹಾಕಿ.

ಮೊದಲು ಟೇಪು ಹಿಡಿಯಿರಿ. ಬಾವಿಗೂ ಪಾಯಿಖಾನೆ ಗುಂಡಿಗೂ ಕೇರಳದ ಕಟ್ಟಡ ನಿಯಮದ ಪ್ರಕಾರ ಕನಿಷ್ಠ 7.5 ಮೀಟರ್ ಅಂತರ ಬೇಕು. ಮುರಕಲ್ಲಿನ ನೆಲಕ್ಕೆ ಅದು ಸಾಲದೆಂದೇ ನನ್ನ ಅಭಿಪ್ರಾಯ. ಜಾಗವಿದ್ದವರು ಇಮ್ಮಡಿ ಬಿಡಲಿ. ದೂರವನ್ನಾದರೂ ಅಳೆಯುತ್ತಾರೆ, ಆಳವನ್ನು ಕೇಳುವವರಿಲ್ಲ. ಜುಲೈಯಲ್ಲಿ ಬಾವಿಯ ನೀರು ಕಟ್ಟೆಯ ಹತ್ತಿರಕ್ಕೆ ಏರಿದಾಗ ಆಳದ ಗುಂಡಿಯ ತಳ ಅಂತರ್ಜಲದಲ್ಲೇ ಮುಳುಗಿರುತ್ತದೆ. ಹೊಸದಾಗಿ ತೋಡುವವರು ಬಾವಿಗಿಂತ ತಗ್ಗಿನ ಜಾಗ ನೋಡಿ, ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿ.

ಬಾವಿಕಟ್ಟೆಯ ಸುತ್ತ ಸಿಮೆಂಟು ಹಾಕಿ, ಇಳಿಜಾರು ಹೊರಮುಖವಾಗಿರಲಿ. ಬಟ್ಟೆ ಒಗೆಯುವ ಕಲ್ಲನ್ನು ಅಲ್ಲಿಂದ ದೂರ ಸಾಗಿಸಿ. ಸಾಬೂನಿನ ನೀರು ಬಾಳೆಯ ಬುಡಕ್ಕೆ ಹೋಗಲಿ.

ಹಪ್ಪಳ ಕರಿದು ಮಿಕ್ಕ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ತೆಂಗಿನ ಸಿಪ್ಪೆಗೆ ಹೀರಿಸಿ ಬಚ್ಚಲೊಲೆಗೆ ಹಾಕಿದರೆ ಮುಗಿಯಿತು. ಮನೆ ಬಾಗಿಲಿಗೆ ಬಂದು ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಪ್ಲಾಸ್ಟಿಕ್ಕನ್ನು ತೊಳೆದು, ಒಣಗಿಸಿ ಕೊಡಿ. ತಿಂಗಳ ಹಣ ಕೊಡಲು ಗೊಣಗುವವರೇ ತೋಡಿಗೆ (ಹಳ್ಳಕ್ಕೆ) ಚೀಲ ಎಸೆಯುವುದನ್ನು ಕಂಡಿದ್ದೇನೆ.

ಅಡಿಕೆ ತೋಟಕ್ಕೆ ಮದ್ದು ಬಿಡುವ ದಿನ ಇನ್ನಷ್ಟು ಎಚ್ಚರ ಬೇಕು. ನೂರು ಲೀಟರ್ ಬೋರ್ಡೋ ದ್ರಾವಣದಲ್ಲಿ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಇರುತ್ತದೆ. ತಾಮ್ರದ ಅಂಶ ಮೀನಿಗೂ ಕಪ್ಪೆಮರಿಗೂ ವಿಷ. ಡ್ರಮ್ಮನ್ನು ತೋಡಿನಲ್ಲಿ ಅದ್ದಬೇಡಿ; ಬೇರೆ ಕಡೆ ತೊಳೆದು ಆ ನೀರನ್ನು ಮರುದಿನದ ದ್ರಾವಣಕ್ಕೇ ಬಳಸಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಜಿಲ್ಲೆಯಲ್ಲಿ, ಕಳೆನಾಶಕದ ಖಾಲಿ ಬಾಟಲಿ ಇನ್ನೂ ಕೆರೆಯ ದಂಡೆಯಲ್ಲಿ ಬಿದ್ದಿರುವುದು ಸೋಜಿಗ.

ಕೊನೆಗೆ ಬ್ಲೀಚಿಂಗ್ ಪುಡಿ. ಕಣ್ಣಂದಾಜಿಗೆ ಮುಷ್ಟಿ ಎಸೆಯುವುದು ನಮ್ಮಲ್ಲಿ ರೂಢಿ, ಅದು ತಪ್ಪು. ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ, ಆಮೇಲೆ 785ರಿಂದ ಗುಣಿಸಿ. ಅಳತೆ ಮೀಟರಿನಲ್ಲಿದ್ದರೆ ಲೀಟರ್ ಲೆಕ್ಕ ಸಿಗುತ್ತದೆ. ವ್ಯಾಸ ಎರಡು, ಆಳ ಮೂರು ಎಂದಾದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಪುಡಿಯಂತೆ ಅದಕ್ಕೆ 24 ಗ್ರಾಂ ಸಾಕು. ಬಕೆಟಿನಲ್ಲಿ ಪುಡಿಯನ್ನು ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮತ್ತೆ ನೀರು ತುಂಬಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಬಗ್ಗಿಸಿಕೊಳ್ಳಿ. ಆ ಬಕೆಟಿಗೆ ಹಗ್ಗ ಕಟ್ಟಿ ಬಾವಿಗಿಳಿಸಿ, ನೀರೊಳಗೆ ನಾಲ್ಕಾರು ಬಾರಿ ಮೇಲೆ ಕೆಳಗೆ ಎಳೆದಾಡಿ. ತಳದ ಗಸಿ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ಒಂದು ಗಂಟೆ ಕಳೆಯುವವರೆಗೆ ನೀರು ಸೇದಬೇಡಿ. ಡಬ್ಬಿ ತೆರೆದಾಗ ಘಾಟು ಬಾರದಿದ್ದರೆ ಕ್ಲೋರಿನ್ ಹಾರಿಹೋಗಿದೆ ಎಂದರ್ಥ, ಹೊಸ ಪುಡಿ ತನ್ನಿ. ಸುರಂಗದ ನೀರು ಬಳಸುವವರು ಅದು ತುಂಬುವ ಟ್ಯಾಂಕಿಗೆ ಇದೇ ಪ್ರಮಾಣದಲ್ಲಿ ಹಾಕಬಹುದು.