ಗೊರಕೆ ನಿಂತ ಮೇಲೂ ಉಳಿಯುವ ಕೆಲಸ

ಶಿರಸಿಯಲ್ಲಿ ಹಲ್ಲಿನ ಡಾಕ್ಟರಾಗಿರುವ ನನ್ನ ಹತ್ತಿರ ಗೊರಕೆಗೆ ಮದ್ದು ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ. ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾದವರು ಬರತೊಡಗಿದ್ದು, ಮಾಸ್ಕಿನ ಮೂಲಕ ಗಾಳಿಯೊತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಮಷಿನ್ ಕೈಕೊಟ್ಟ ಮೇಲೆ. ಘಟ್ಟದ ಹಳ್ಳಿಗಳಲ್ಲಿ ಮಳೆಗಾಲದ ಗಾಳಿಗೆ ಲೈನಿನ ಮೇಲೆ ಮರ ಬಿತ್ತೆಂದರೆ ಎರಡು ದಿನ ಕರೆಂಟಿಲ್ಲ, ಮಷಿನ್ನೂ ಇಲ್ಲ. ಕೆಲವರಿಗೆ ಮಾಸ್ಕ್ ಕಟ್ಟಿಕೊಂಡರೆ ನಿದ್ದೆಯೇ ಹತ್ತದು. ಕಾರವಾರದ ಕಡೆ ಬೋಟಿಗೆ ಹೋಗುವವರಿಗಂತೂ ರಾತ್ರಿಗಳು ಸಮುದ್ರದ ಮೇಲೆಯೇ ಕಳೆಯುತ್ತವೆ. ಇಂಥವರಿಗೆ ನಾನು ಮಾಡಿಕೊಡುವುದು ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಅಕ್ರಿಲಿಕ್ ತಟ್ಟೆ, ನಡುವೆ ಅವೆರಡನ್ನೂ ಜೋಡಿಸುವ ಸ್ಕ್ರೂ. ದವಡೆ ಮುಂದೆ ಬಂದರೆ ಅದಕ್ಕೆ ಅಂಟಿಕೊಂಡ ನಾಲಿಗೆಯ ಬುಡವೂ ಮುಂದೆ ಬರುತ್ತದೆ, ಗಂಟಲಿನ ಹಿಂದೆ ಉಸಿರಿಗೆ ದಾರಿಯಾಗುತ್ತದೆ.

ನಿದ್ದೆಯಲ್ಲಿ ಉಸಿರು, ಆಮ್ಲಜನಕ ಅಳೆಯುವ ಸ್ಲೀಪ್ ಸ್ಟಡಿಯ ರಿಪೋರ್ಟ್ ಇಲ್ಲದೆ, ನಿದ್ರೆಯ ಕಾಯಿಲೆ ನೋಡುವ ವೈದ್ಯರ ಚೀಟಿ ಇಲ್ಲದೆ ನಾನು ಹಲ್ಲಿನ ಅಚ್ಚು ತೆಗೆಯುವುದಿಲ್ಲ. ರಿಪೋರ್ಟಿನಲ್ಲಿ ಮೊದಲು ನೋಡುವುದು ಎಎಚ್‌ಐ: ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಮೊದಲೆರಡು ಗುಂಪಿನವರಿಗೆ ಸಾಧನ ಚೆನ್ನಾಗಿ ಒಗ್ಗುತ್ತದೆ. ತೀವ್ರವಾಗಿದ್ದವರಿಗೆ ಸಿಪ್ಯಾಪೇ ಮೇಲು. ಅದನ್ನು ಇನ್ನೊಮ್ಮೆ ಪ್ರಯತ್ನಿಸಿ ಎಂದು ಕಳಿಸುತ್ತೇನೆ, ಏನು ಮಾಡಿದರೂ ಆಗದು ಎಂದಾಗ ಮಾತ್ರ ಕೈ ಹಾಕುತ್ತೇನೆ. ಉಸಿರಾಡೆಂಬ ಸೂಚನೆಯೇ ಮೆದುಳಿನಿಂದ ಬಾರದಿರುವ ಸೆಂಟ್ರಲ್ ಅಪ್ನಿಯಾಕ್ಕೆ ಈ ಸಾಧನ ಉಪಯೋಗವಿಲ್ಲ.

ಆಮೇಲೆ ಬಾಯಿ. ನಮ್ಮದು ಕವಳ, ಅಂದರೆ ಎಲೆಯಡಿಕೆ, ಹಾಕುವ ಸೀಮೆ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಬಿಳಿಚಿ, ಹಗ್ಗದಂತೆ ಬಿಗಿದು, ಬಾಯಿ ಪೂರ್ತಿ ತೆರೆಯುವುದೇ ಇಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹೋಗುತ್ತದೆಯೇ ನೋಡುತ್ತೇನೆ. ಎರಡೇ ಬೆರಳು ಹೋದರೆ ಅಚ್ಚಿನ ಟ್ರೇ ಕೂರಿಸುವುದೂ ಕಷ್ಟ, ದವಡೆ ಮುಂದೆ ಸರಿಯುವುದೂ ಕಷ್ಟ. ಅಂಥವರಿಗೆ ಮೊದಲು ಆ ಬಿಗಿತಕ್ಕೇ ಚಿಕಿತ್ಸೆ. ಅದು ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ, ಗೊರಕೆಗಿಂತ ಮೊದಲು ನೋಡಬೇಕಾದ್ದು. ಹಲ್ಲು ಅಲುಗಾಡುತ್ತಿದ್ದರೂ ಸಾಧನ ಬೇಡ. ರಾತ್ರಿಯಿಡೀ ದವಡೆಯ ಭಾರ ಹೊರುವುದು ಆ ಹಲ್ಲುಗಳೇ ತಾನೆ.

ಅಳತೆಯ ದಿನ ಗಡಿಬಿಡಿ ಮಾಡುವುದಿಲ್ಲ. ಮಿಲಿಮೀಟರ್ ಗುರುತುಗಳಿರುವ ಪಟ್ಟಿಯನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿಸಿ, ಕೆಳದವಡೆಯನ್ನು ಆದಷ್ಟೂ ಹಿಂದಕ್ಕೆ ಎಳೆದುಕೊಳ್ಳಲು ಹೇಳುತ್ತೇನೆ, ನಂತರ ಆದಷ್ಟೂ ಮುಂದಕ್ಕೆ ಚಾಚಲು. ಹೆಚ್ಚಿನವರು ಮೊದಲ ಸಲ ದವಡೆಯ ಬದಲು ತುಟಿಯನ್ನೋ ಕತ್ತನ್ನೋ ಮುಂದೆ ತರುತ್ತಾರೆ. ಕನ್ನಡಿ ಕೊಟ್ಟರೆ ತಿಳಿಯುತ್ತದೆ. ಒಟ್ಟು ಓಡಾಟ 10 ಮಿ.ಮೀ. ಎಂದಾದರೆ ನಾನು ಶುರು ಮಾಡುವುದು 5ರಲ್ಲಿ. ಆ ಜಾಗದಲ್ಲಿ ಪಟ್ಟಿ ನಿಲ್ಲಿಸಿ, ಹಲ್ಲುಗಳ ನಡುವೆ ಅಚ್ಚಿನ ಮೆತ್ತನೆಯ ಪದಾರ್ಥ ತುಂಬಿ, ಅದು ಗಟ್ಟಿಯಾಗುವ ತನಕ ಅಲುಗಾಡದೆ ಕೂರಿಸುತ್ತೇನೆ. ಈ ಕಚ್ಚಿನ ಗುರುತು ಓರೆಯಾದರೆ ಕಿವಿಯ ಮುಂದಿನ ಕೀಲು ನೋಯುತ್ತದೆ, ಸಾಧನ ಮೂಲೆ ಸೇರುತ್ತದೆ.

ಮುಂದಿನದು ತಾಳ್ಮೆಯ ಕೆಲಸ. ಸಾಧನದ ಸ್ಕ್ರೂವನ್ನು ಕೀಲಿಯಿಂದ ಕಾಲು ಸುತ್ತು ತಿರುಗಿಸಿದರೆ ದವಡೆ ಸುಮಾರು 0.25 ಮಿ.ಮೀ. ಮುಂದೆ. ಕೆಲವು ರಾತ್ರಿ ಒಗ್ಗಿಸಿಕೊಂಡು, ನೋವಿಲ್ಲದಿದ್ದರೆ ಇನ್ನು ಕಾಲು ಸುತ್ತು. ಗೊರಕೆ ತಗ್ಗಿತೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳುತ್ತೇನೆ, ಹಗಲು ತೂಕಡಿಕೆ ಇದೆಯೇ ಎಂದು ಸಾಧನ ಹಾಕಿಕೊಳ್ಳುವವರನ್ನೇ ಕೇಳುತ್ತೇನೆ.

ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಇಲ್ಲೇ. ಗೊರಕೆ ನಿಂತಿತು, ಇನ್ನೇನು ಅನ್ನುತ್ತಾರೆ. ದೇವಿಮನೆ ಘಟ್ಟದಲ್ಲಿ ಶಿರಸಿ–ಕುಮಟಾ ಗಾಡಿ ಓಡಿಸುವ ಒಬ್ಬರ ಮನೆಯವರು ಹಾಗೆಯೇ ಹೇಳಿದ್ದರು. ನಾನು ಒಪ್ಪದೆ, ಸಾಧನ ಹಾಕಿಕೊಂಡೇ ಇನ್ನೊಂದು ಸ್ಲೀಪ್ ಸ್ಟಡಿ ಮಾಡಿಸಿ ಎಂದು ಹಟ ಹಿಡಿದೆ. ಸದ್ದು ನಿಜಕ್ಕೂ ಹೋಗಿತ್ತು, ಆದರೆ ಅಂಗಾತ ಮಲಗಿದಾಗಲೆಲ್ಲ ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತಿತ್ತು. ಇನ್ನಷ್ಟು ಮುಂದೆ ಸರಿಸಿ, ಮಗ್ಗುಲಾಗಿ ಮಲಗುವುದನ್ನು ರೂಢಿಸಿದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಅದೂ ಸರಿಯಾಯಿತು. ಗಾಡಿಯ ಚಕ್ರ ಹಿಡಿಯುವವರ ವಿಷಯದಲ್ಲಿ ಕಿವಿಗೆ ಕೇಳಿದ್ದನ್ನು ನಂಬಿ ಕೈಬಿಡಲು ನನಗೆ ಮನಸ್ಸು ಬರುವುದಿಲ್ಲ. ಈ ಎರಡನೇ ಪರೀಕ್ಷೆಯ ಖರ್ಚನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ಶುರುವಿನಲ್ಲಿ ಜೊಲ್ಲು ಸುರಿಯುತ್ತದೆ, ಕೆಲವರಿಗೆ ಬಾಯಿ ಒಣಗುತ್ತದೆ. ಬೆಳಗ್ಗೆ ಎದ್ದಾಗ ಹಿಂದಿನ ಹಲ್ಲು ಕೂಡುವುದಿಲ್ಲ. ಸ್ವಲ್ಪ ಹೊತ್ತು ದವಡೆಯ ವ್ಯಾಯಾಮ ಮಾಡಿದರೆ ತಿಂಡಿಯ ಹೊತ್ತಿಗೆ ಸರಿಹೋಗುತ್ತದೆ. ವರ್ಷಗಳು ಕಳೆದಂತೆ ಮೇಲಿನ-ಕೆಳಗಿನ ಹಲ್ಲು ಕೂಡುವ ಕಚ್ಚೇ ಕೊಂಚ ಬದಲಾಗಬಹುದು, ಇದನ್ನು ನಾನು ಮುಚ್ಚಿಡುವುದಿಲ್ಲ. ಆರು ತಿಂಗಳಿಗೊಮ್ಮೆ ಕರೆಸಿ ಅಳೆದು, ಹಳೆಯ ಅಚ್ಚಿನ ಜೊತೆ ಹೋಲಿಸಿ ನೋಡುತ್ತೇನೆ. ಇನ್ನು ತೊಳೆಯುವುದು ತಣ್ಣೀರಿನಲ್ಲಿ, ಮೆತ್ತನೆಯ ಬ್ರಷ್ಷಿನಿಂದ. ಬಚ್ಚಲ ಹಂಡೆಯ ಬಿಸಿನೀರು ಬಿದ್ದರೆ ಅಕ್ರಿಲಿಕ್ ಸೊಟ್ಟಗಾಗಿ, ಮತ್ತೆ ಅಚ್ಚಿನಿಂದಲೇ ಶುರು ಮಾಡಬೇಕಾಗುತ್ತದೆ.