ಹಳೆಯ ಫೋಟೊಗಳು ಮತ್ತು ವಂಶದ ಹುಡುಕಾಟ: ಒಂದು ಸಲಹೆ

ಹಿರಿಯರಿಂದ ಬಂದ ಕಪ್ಪು-ಬಿಳುಪು ಫೋಟೊಗಳನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಯೂ ಅಂಟೂ ಸೇರಿ ಆಗುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಬೆಂಗಳೂರಿನ ಮಳೆಗಾಲದ ತೇವಕ್ಕೆ ಫೋಟೊದ ಮೇಲ್ಪದರದಲ್ಲಿರುವ ಜೆಲಟಿನ್ ಮೆತ್ತಗಾಗಿ ಕಟ್ಟಿನ ಗಾಜಿಗೆ ಅಂಟಿಕೊಳ್ಳುವುದುಂಟು. ಹಾಗೆ ಅಂಟಿದ್ದರೆ ಕೀಳಲು ಹೋಗದೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. (ಅವಸರದಿಂದ ಎಳೆದು ಮುತ್ತಜ್ಜನ ಅರ್ಧ ಪೇಟವನ್ನು ಕಳೆದುಕೊಂಡವನು ನಾನು.) ಉಳಿದವನ್ನು ಹಿಂಬದಿಯನ್ನೂ ಸೇರಿಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ ಹಾಕಿ, ಗೋಡೆಯ ತೇವ ತಾಗದ ಬೀರುವಿನಲ್ಲಿಡಿ.

ಹಿಂಬದಿಯಲ್ಲಿರುವ ಸ್ಟುಡಿಯೊ ಮುದ್ರೆ ಒಳ್ಳೆಯ ಸುಳಿವು. ಅದರಲ್ಲಿ ಬೆಂಗಳೂರಿನ ದಂಡು ಪ್ರದೇಶದ (ಕಂಟೋನ್ಮೆಂಟ್) ವಿಳಾಸವಿದ್ದರೆ, 1949ರವರೆಗೆ ದಂಡಿಗೂ ಪೇಟೆಗೂ ಪ್ರತ್ಯೇಕ ಪುರಸಭೆಗಳಿದ್ದವೆಂಬುದನ್ನು ನೆನಪಿಟ್ಟುಕೊಂಡು ಜನನ-ಮರಣಗಳ ದಾಖಲೆಯನ್ನು ವಿಚಾರಿಸಬೇಕು. ಮನೆಯ ಹಿರಿಯರ ಮುಂದೆ ಫೋಟೊ ಇಟ್ಟು ಹೆಸರು, ನಂಟು, ಮೂಲ ಊರುಗಳನ್ನು ಕೇಳಿ, ಮೃದುವಾದ ಪೆನ್ಸಿಲಿನಿಂದ ಹಿಂಬದಿಯ ಅಂಚಿನಲ್ಲಿ ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೆರೆ ಮುಂಬದಿಗೂ ಮೂಡುತ್ತದೆ. ಪೂರ್ವಜರು ಉತ್ತರ ಕರ್ನಾಟಕದ ಕಡೆಯಿಂದ ಬಂದವರಾಗಿದ್ದರೆ, ಆ ಊರಿಗೆ ಹೆಳವರು ಬರುತ್ತಾರೆಯೇ ಎಂದು ಅಲ್ಲಿನ ನೆಂಟರನ್ನು ವಿಚಾರಿಸಿ. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಅವರು. ಯಾವ ಕಚೇರಿಯಲ್ಲೂ ಸಿಗದ ಹೆಸರು ಅವರಲ್ಲಿ ಸಿಗಬಹುದು.