ಹದಿನಾಲ್ಕರ ಲೆಕ್ಕ

2023ರ ಡಿಸೆಂಬರ್ 3, ಭಾನುವಾರ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಫ್ಲೋರಿಡಾ ಸ್ಟೇಟ್ ತಂಡ 13 ಆಟ ಆಡಿ 13ನ್ನೂ ಗೆದ್ದಿತ್ತು. ಆದರೂ ಆಯ್ಕೆ ಸಮಿತಿ ಅದನ್ನು ಪ್ಲೇಆಫ್‌ನ ನಾಲ್ಕು ತಂಡಗಳಿಂದ ಹೊರಗಿಟ್ಟಿತು. ಒಳಗೆ ಹೋದದ್ದು ಮಿಶಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಇವುಗಳಲ್ಲಿ ಕೊನೆಯ ಎರಡು ಒಂದೊಂದು ಆಟ ಸೋತಿದ್ದವು. ಫ್ಲೋರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ, ಜಾರ್ಡನ್ ಟ್ರಾವಿಸ್ ಪೆಟ್ಟು ಮಾಡಿಕೊಂಡು ಕೂತಿದ್ದ. ಅವನಿಲ್ಲದ ತಂಡ ಮೊದಲಿನಷ್ಟು ಗಟ್ಟಿಯಲ್ಲ ಅನ್ನುವುದು ಸಮಿತಿಯ ವಾದ.

ನಾನಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ಮಿಶಿಗನ್ ಜೊತೆ ಆಟವಿರುವ ವಾರ ಇಲ್ಲಿನ ಕ್ಯಾಂಪಸ್‌ನ ಬೋರ್ಡುಗಳಲ್ಲಿರುವ 'ಎಂ' ಅಕ್ಷರದ ಮೇಲೆಲ್ಲ ಕೆಂಪು ಟೇಪ್ ಅಂಟಿಸುತ್ತಾರೆ. ಅಂಥ ಊರು. ಆ ವರ್ಷ ನಮ್ಮ ಓಹಾಯೋ ಸ್ಟೇಟ್ ಮಿಶಿಗನ್‌ಗೆ ಸೋತು ಮೊದಲೇ ಮನೆ ಸೇರಿತ್ತು. ಹಾಗಾಗಿ ನನಗೇನೂ ಲಾಭ ನಷ್ಟ ಇರಲಿಲ್ಲ. ಆದರೂ ಹೊಟ್ಟೆ ಉರಿಯಿತು.

ಆಸ್ಟಿನ್‌ನಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಒಟ್ಟಿಗೆ ಓದಿದವರು ನಾವು. ಅವನು ಎಂಎಸ್ ಮಾಡಿದ್ದು ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ, ಆದ್ದರಿಂದ ಅವತ್ತು ಅವನಿಗೆ ಹಬ್ಬ.

"ಎಲ್ಲಾ ಗೆದ್ದವರನ್ನೇ ಹೊರಗಿಡ್ತಾರಂದ್ರೆ ಇದೆಂಥಾ ಲೆಕ್ಕನೋ?" ಅಂದೆ.

"ಅಷ್ಟು ಗೊತ್ತಿದ್ರೆ ನೀನೇ ಒಂದು ಪಟ್ಟಿ ಮಾಡು ನೋಡೋಣ," ಅಂದ.

ಆ ರಾತ್ರಿಯೇ ಎಕ್ಸೆಲ್ ಶೀಟ್ ತೆರೆದೆ.

ಐಪಿಎಲ್ ನೋಡಿ ಬೆಳೆದವರಿಗೆ ಇಲ್ಲಿನ ತೊಂದರೆ ಮೊದಲು ಅರ್ಥವಾಗುವುದಿಲ್ಲ. ಐಪಿಎಲ್‌ನಲ್ಲಿ 10 ತಂಡ, ತಲಾ 14 ಪಂದ್ಯ, ಎಲ್ಲರೂ ಎಲ್ಲರ ಜೊತೆ ಒಂದು ಸಲವಾದರೂ ಆಡುತ್ತಾರೆ. ಪಾಯಿಂಟ್ ಸಮ ಆದರೆ ನೆಟ್ ರನ್ ರೇಟ್. ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ 2024ರಲ್ಲಿ 134 ತಂಡಗಳಿದ್ದವು. ಒಂದೊಂದಕ್ಕೆ 12 ಆಟ, ಕಾನ್ಫರೆನ್ಸ್ (ತಂಡಗಳ ಗುಂಪು) ಫೈನಲ್ ಮುಟ್ಟಿದರೆ 13. ಎಲ್ಲರೂ ಎಲ್ಲರ ಜೊತೆ ಆಡಬೇಕಾದರೆ 8,911 ಆಟ ಬೇಕು. ನಡೆಯುವುದು ಎಂಟುನೂರಕ್ಕಿಂತ ಕಡಿಮೆ. ಅದರಲ್ಲೂ ಎಂಟೋ ಒಂಬತ್ತೋ ಆಟ ತಮ್ಮ ತಮ್ಮ ಕಾನ್ಫರೆನ್ಸ್ ಒಳಗೇ. ಬೇರೆ ಕಾನ್ಫರೆನ್ಸ್ ಜೊತೆ ಸಂಬಂಧ ಅಂದರೆ ಸೆಪ್ಟೆಂಬರ್‌ನ ಮೂರ್ನಾಲ್ಕು ಆಟ ಮಾತ್ರ.

ಬರೀ ಗೆಲುವಿನ ಶೇಕಡಾವಾರು ತೆಗೆದರೆ ಏನಾಗುತ್ತದೆ? 2023ರಲ್ಲಿ ಲಿಬರ್ಟಿ ತಂಡವೂ 13ಕ್ಕೆ 13 ಗೆದ್ದಿತ್ತು. ನನ್ನ ಮೊದಲ ಪಟ್ಟಿಯಲ್ಲಿ ಅದು ಮಿಶಿಗನ್ ಪಕ್ಕದಲ್ಲೇ ಕುಳಿತಿತ್ತು. ಆಮೇಲೆ ಜನವರಿ 1ರಂದು ಒರೆಗಾನ್ ಅದನ್ನು 45-6ರಿಂದ ಸೋಲಿಸಿತು. ಯಾರನ್ನು ಗೆದ್ದೆ ಅನ್ನುವುದು ಲೆಕ್ಕಕ್ಕೆ ಬರಲೇಬೇಕು. ಆದರೆ ಎದುರಾಳಿ ಎಷ್ಟು ಗಟ್ಟಿ ಅಂತ ತಿಳಿಯಲು ಅವನು ಯಾರನ್ನು ಗೆದ್ದ ಅಂತ ನೋಡಬೇಕು. ಅವನ ಎದುರಾಳಿಯದ್ದೂ ನೋಡಬೇಕು. ಹೀಗೇ ಸುತ್ತುತ್ತಾ ಹೋದರೆ ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ.

ಈ ಸುತ್ತನ್ನು ಬಿಡಿಸಿದ ಒಂದು ಚಂದದ ದಾರಿ ಕಾಲಿ ಮ್ಯಾಟ್ರಿಕ್ಸ್. ವೆಸ್ ಕಾಲಿ ಅನ್ನುವ ಖಗೋಳ ವಿಜ್ಞಾನಿ ಮಾಡಿದ್ದು. ಫೈನಲ್ ಆಡುವ ತಂಡಗಳನ್ನು ಆರಿಸಲು 1998ರಿಂದ 2013ರವರೆಗೆ ಇದ್ದ ಬಿಸಿಎಸ್ ಪದ್ಧತಿ ಬಳಸುತ್ತಿದ್ದ ಕಂಪ್ಯೂಟರ್ ಪಟ್ಟಿಗಳಲ್ಲಿ ಇದೂ ಒಂದು. ಸೂತ್ರವನ್ನು ಅವರು ಮುಚ್ಚಿಡಲಿಲ್ಲ, ಯಾರು ಬೇಕಾದರೂ ಮಾಡಿ ನೋಡಬಹುದು. ಶುರು ತೀರ ಸರಳ: ಗೆಲುವಿಗೆ 1 ಸೇರಿಸಿ, ಆಟಗಳಿಗೆ 2 ಸೇರಿಸಿ, ಭಾಗಿಸಿ. ಒಂದೂ ಆಡದ ತಂಡಕ್ಕೆ ಅರ್ಧ. ಒಂದು ಆಡಿ ಗೆದ್ದರೆ ಮೂರರಲ್ಲಿ ಎರಡು ಭಾಗ, ಸೋತರೆ ಒಂದು ಭಾಗ. ಒಂದೇ ಗೆಲುವಿಗೆ ಯಾರಿಗೂ ನೂರಕ್ಕೆ ನೂರು ಸಿಗುವುದಿಲ್ಲ. ಆಮೇಲೆ ಎದುರಾಳಿಗಳ ಬಲವನ್ನು ಸಮೀಕರಣಗಳಾಗಿ ಜೋಡಿಸಿ ಎಲ್ಲವನ್ನೂ ಒಟ್ಟಿಗೆ ಬಿಡಿಸುವುದು. 130ಕ್ಕೂ ಜಾಸ್ತಿ ಸಮೀಕರಣ ಎಕ್ಸೆಲ್‌ಗೆ ಭಾರ ಆಯಿತು, ಪೈಥಾನ್‌ಗೆ ಹೋದೆ. ಅಲ್ಲಿ ಹತ್ತು ಸಾಲಿನ ಕೋಡ್, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ.

ಉತ್ತರ ತಪ್ಪು, ಅದು ಬೇರೆ ಮಾತು.

ನನ್ನ ಶೀಟ್‌ನಲ್ಲಿ ಮಯಾಮಿ ತಂಡ 24 ಆಟ ಆಡಿತ್ತು. ಅದಕ್ಕಿಂತ ವಿಚಿತ್ರ, ಸೆಪ್ಟೆಂಬರ್ 1ರಂದು ಮಯಾಮಿ ಮಯಾಮಿಯನ್ನೇ 38-3ರಿಂದ ಸೋಲಿಸಿತ್ತು. ಒಂದು ಸಂಜೆಯಿಡೀ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಕೋಡ್‌ನಲ್ಲಿ ಇರಲಿಲ್ಲ. ಮಯಾಮಿ ಎರಡಿವೆ! ಒಂದು ಫ್ಲೋರಿಡಾದಲ್ಲಿ. ಇನ್ನೊಂದು ನಮ್ಮದೇ ಓಹಾಯೋದ ಆಕ್ಸ್‌ಫರ್ಡ್ ಅನ್ನುವ ಸಣ್ಣ ಊರಿನಲ್ಲಿ, ಮನೆಯಿಂದ ಎರಡು ಗಂಟೆ ದಾರಿ. ಆ ವರ್ಷ ಎರಡೂ ನಿಜವಾಗಿಯೂ ಎದುರಾಗಿದ್ದವು. ಓಹಾಯೋದ ಮಯಾಮಿ ಸ್ಥಾಪನೆಯಾದದ್ದು 1809ರಲ್ಲಿ, ಫ್ಲೋರಿಡಾ ರಾಜ್ಯ ಆಗುವುದಕ್ಕಿಂತ 36 ವರ್ಷ ಮೊದಲು. ಈ ಮಾತನ್ನು ಇಲ್ಲಿನವರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ, ನನಗೂ ಹೇಳಿದ್ದರು. ಆದರೂ ಎಡವಿದೆ. ಅವತ್ತಿನಿಂದ ಪ್ರತಿ ತಂಡಕ್ಕೂ ಒಂದು ನಂಬರ್ ಕೊಟ್ಟಿದ್ದೇನೆ, ಹೆಸರನ್ನು ನಂಬುವುದಿಲ್ಲ.

ಸಮಾಧಾನಕ್ಕೆ ಒಂದು ಹಳೇ ಸಂಗತಿ ಇದೆ. 2010ರ ಕೊನೆಯ ಬಿಸಿಎಸ್ ಪಟ್ಟಿಯಲ್ಲಿ ಕಾಲಿಯವರ ಲೆಕ್ಕಕ್ಕೆ ಒಂದು ಆಟದ ಫಲಿತಾಂಶ ಸೇರಿರಲಿಲ್ಲ. ಅದೂ ಕೆಳದರ್ಜೆಯ ಆಟ, ಅಪಲಾಚಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ಇಲಿನಾಯ್ ನಡುವಿನದ್ದು. ಅಷ್ಟಕ್ಕೇ 10ನೇ ಸ್ಥಾನದ ಎಲ್‌ಎಸ್‌ಯು, 11ನೇ ಸ್ಥಾನದ ಬಾಯ್ಸಿ ಸ್ಟೇಟ್ ಅದಲು ಬದಲಾದವು. ಸೂತ್ರ ಬಯಲಲ್ಲಿ ಇದ್ದದ್ದರಿಂದ ಹೊರಗಿನವರೊಬ್ಬರು ತಪ್ಪನ್ನು ಹಿಡಿದರು. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಕಾಲಿ ಪದ್ಧತಿಗೆ ಗೆಲುವು ಸೋಲು ಮಾತ್ರ ಗೊತ್ತು. 1 ಪಾಯಿಂಟ್‌ನಿಂದ ಗೆದ್ದರೂ ಒಂದೇ, 40ರಿಂದ ಗೆದ್ದರೂ ಒಂದೇ. ನನಗೆ ಅದು ಸಾಲಲಿಲ್ಲ. ಅಂತರವನ್ನೂ ಹಿಡಿಯುವ ಇನ್ನೊಂದು ಲೆಕ್ಕ ಬರೆದೆ. ಅದನ್ನು ಮನೆಯಲ್ಲೇ ಯಾರು ಬೇಕಾದರೂ ಮಾಡಬಹುದು.

ಮೊದಲು ಎಲ್ಲ ತಂಡಕ್ಕೂ ಸೊನ್ನೆ ರೇಟಿಂಗ್ ಕೊಡಿ. ಒಂದು ತಂಡದ ಪ್ರತಿ ಆಟಕ್ಕೂ ಗೆದ್ದ ಅಂತರ (ಸೋತಿದ್ದರೆ ಮೈನಸ್) ಮತ್ತು ಎದುರಾಳಿಯ ರೇಟಿಂಗ್ ಕೂಡಿಸಿ. ಎಲ್ಲ ಆಟದ ಸರಾಸರಿ ತೆಗೆದರೆ ಅದೇ ಹೊಸ ರೇಟಿಂಗ್. 134 ತಂಡಕ್ಕೂ ಹೀಗೆ ಮಾಡಿ, ಹೊಸ ಅಂಕಿಗಳಿಂದ ಮತ್ತೆ ಶುರು ಮಾಡಿ. ಸುಮ್ನೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಅಂಕಿಗಳು ಅಲುಗಾಡುವುದು ನಿಲ್ಲುತ್ತದೆ. ತಮ್ಮ ಊರಲ್ಲಿ ಆಡಿದವರಿಂದ ಎರಡೂವರೆ ಪಾಯಿಂಟ್ ಕಳೆಯುತ್ತೇನೆ. ಜೊತೆಗೆ ಪ್ರತಿ ತಂಡಕ್ಕೂ ಸಾಧಾರಣ ತಂಡವೊಂದರ ಜೊತೆ ಸಮ ಆದ ಎರಡು ಕಲ್ಪಿತ ಆಟ ಸೇರಿಸುತ್ತೇನೆ. ಇದು ಉಪ್ಪಿನ ಹಾಗೆ. ಇಲ್ಲದಿದ್ದರೆ ಸೆಪ್ಟೆಂಬರ್‌ನಲ್ಲಿ ಒಂದು ದೊಡ್ಡ ಗೆಲುವಿಗೇ ಯಾರೋ ಆಕಾಶಕ್ಕೆ ಹಾರಿಬಿಡುತ್ತಾರೆ.

ಉಳಿದ ಪ್ರಶ್ನೆ ಒಂದೇ. ಎಷ್ಟು ದೊಡ್ಡ ಅಂತರವನ್ನು ನಂಬಬೇಕು? 2024ರಲ್ಲಿ ನಮ್ಮವರು ವೆಸ್ಟರ್ನ್ ಮಿಶಿಗನ್ ತಂಡವನ್ನು 56-0ಯಿಂದ ಹೊಡೆದರು. ಮೂರು ಟಚ್‌ಡೌನ್ (ಎದುರಾಳಿಯ ಗೋಲ್ ಲೈನ್ ದಾಟಿ ಚೆಂಡು ಒಯ್ಯುವುದು) ಮುಂದೆ ಹೋದ ಮೇಲೆ ಕೋಚ್‌ಗಳು ಬೆಂಚಿನ ಹುಡುಗರನ್ನು ಇಳಿಸುತ್ತಾರೆ. ಆಮೇಲಿನ ಪಾಯಿಂಟ್ ಏನನ್ನೂ ಹೇಳುವುದಿಲ್ಲ. ಬಿಸಿಎಸ್‌ನವರು 2002ರಲ್ಲಿ ಅಂತರವನ್ನೇ ಕಂಪ್ಯೂಟರ್ ಲೆಕ್ಕದಿಂದ ಕಿತ್ತುಹಾಕಿದ್ದರು, ಬೇಕೆಂದೇ ಸ್ಕೋರ್ ಏರಿಸುವ ಚಾಳಿ ನಿಲ್ಲಲಿ ಅಂತ. ನಾನು ಮಧ್ಯದ ದಾರಿ ಹಿಡಿದೆ. ಎರಡು ಟಚ್‌ಡೌನ್, ಅಂದರೆ 14 ಪಾಯಿಂಟ್. ಅದಕ್ಕಿಂತ ದೊಡ್ಡದೆಲ್ಲ 14 ಅಂತಲೇ ಲೆಕ್ಕ.

ಗೆಳೆಯನಿಗೆ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದ. "2008 ಹಾಕಿ ನೋಡು ಕಣೋ," ಅಂದ.

2008 ಅವನಿಗೆ ಇನ್ನೂ ಆರದ ಗಾಯ. ಆ ವರ್ಷ ಟೆಕ್ಸಸ್ ಡಲ್ಲಾಸ್‌ನಲ್ಲಿ ಒಕ್ಲಹೋಮಾವನ್ನು 45-35ರಿಂದ ಸೋಲಿಸಿತು. ಟೆಕ್ಸಸ್ ಟೆಕ್ ಟೆಕ್ಸಸನ್ನು 39-33ರಿಂದ ಸೋಲಿಸಿತು. ಒಕ್ಲಹೋಮಾ ಟೆಕ್ಸಸ್ ಟೆಕ್ ತಂಡವನ್ನು 65-21ರಿಂದ ಜಜ್ಜಿತು. ಮೂವರೂ 11 ಗೆಲುವು, 1 ಸೋಲು. ಬಿಸಿಎಸ್ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲಿದ್ದ ಒಕ್ಲಹೋಮಾ ಕಾನ್ಫರೆನ್ಸ್ ಫೈನಲ್‌ಗೆ ಹೋಯಿತು. ಎದುರುಬದುರು ಆಡಿ ಗೆದ್ದ ಟೆಕ್ಸಸ್ ಮನೆಯಲ್ಲಿ ಕೂತಿತು.

ಈ ಮೂರು ಆಟವನ್ನೇ ಬಿಡಿಯಾಗಿ ಕೂಡಿ ಕಳೆದೆ. ಅಂತರ ಪೂರ್ತಿ ನಂಬಿದರೆ ಒಕ್ಲಹೋಮಾ ಪ್ಲಸ್ 34, ಟೆಕ್ಸಸ್ ಪ್ಲಸ್ 4, ಟೆಕ್ ಮೈನಸ್ 38. ಗೆಲುವು ಮಾತ್ರ ನೋಡಿದರೆ ಮೂವರೂ ಸಮ. ನನ್ನ 14ರ ಮಿತಿ ಹಾಕಿದರೆ? ಒಕ್ಲಹೋಮಾ ಪ್ಲಸ್ 4. ಟೆಕ್ಸಸ್ ಪ್ಲಸ್ 4. ಮಿತಿಯನ್ನು 13ಕ್ಕೆ ಇಳಿಸಿದರೆ ಟೆಕ್ಸಸ್ ಮುಂದೆ, 15ಕ್ಕೆ ಏರಿಸಿದರೆ ಒಕ್ಲಹೋಮಾ ಮುಂದೆ.

"ಹದಿಮೂರು ಮಾಡು," ಅಂದ ಗೆಳೆಯ. ತಮಾಷೆಗೇ ಅಂದದ್ದು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಆ 14ನ್ನು ನಾನು ಎಲ್ಲಿಂದ ತಂದಿದ್ದೆ? ಬಾಯಿಗೆ ಬಂದದ್ದು, ಅಷ್ಟೇ. ಇಡೀ ಋತುವಿನ ಲೆಕ್ಕದಲ್ಲಿ ಉಳಿದ ಆಟಗಳೂ ಸೇರುತ್ತವೆ, ಇಷ್ಟು ತೆಳುವಾಗಿ ಇರುವುದಿಲ್ಲ, ನಿಜ. ಆದರೂ ಸಮಿತಿಯ 13 ಜನ ಒಂದು ಕೋಣೆಯಲ್ಲಿ ಕೂತು ಮಾಡುವುದನ್ನು ನಾನೊಬ್ಬನೇ ಅಡುಗೆಮನೆಯ ಮೇಜಿನ ಮೇಲೆ ಮಾಡುತ್ತಿದ್ದೆ.

ಆಮೇಲೆ ಮಿತಿಯನ್ನು ನಾನು ಆರಿಸುವುದು ಬಿಟ್ಟೆ. ಹಳೆಯ ಋತುಗಳನ್ನು ತೆಗೆದುಕೊಂಡೆ. ಪ್ರತಿ ವಾರದವರೆಗಿನ ಆಟಗಳಿಂದ ರೇಟಿಂಗ್ ಮಾಡಿ, ಮುಂದಿನ ವಾರದ ಅಂತರ ಊಹಿಸಿ, ಎಷ್ಟು ತಪ್ಪಿತು ಅಂತ ಬರೆದಿಟ್ಟೆ. ಬೇರೆ ಬೇರೆ ಮಿತಿ ಹಾಕಿ ಇದನ್ನೇ ಮಾಡಿದೆ. ತಪ್ಪು ಕಡಿಮೆ ಬಂದದ್ದು ಹೀಗೆ: 21ರವರೆಗೆ ಪೂರ್ತಿ, ಅದರಾಚೆ ಪ್ರತಿ ಪಾಯಿಂಟ್‌ಗೆ ಕಾಲು ಭಾಗ. ಇದರಲ್ಲಿ ಒಕ್ಲಹೋಮಾನೇ ಮುಂದೆ ಬರುತ್ತದೆ. ಗೆಳೆಯ ಎರಡು ವಾರ ಮಾತಾಡಲಿಲ್ಲ ಅಂದರೆ ಜಾಸ್ತಿ ಆಯಿತು, ಒಂದು ವಾರ ಇರಬಹುದು.

2023ರ ಪಟ್ಟಿ ಕೊನೆಗೆ ಎರಡಾಯಿತು. ಗೆಲುವಿನ ಲೆಕ್ಕದಲ್ಲಿ ಫ್ಲೋರಿಡಾ ಸ್ಟೇಟ್ ಮೊದಲ ನಾಲ್ಕರಲ್ಲಿ ಇದೆ. ಅಂತರದ ಲೆಕ್ಕದಲ್ಲಿ ಇಲ್ಲ, ಅಲ್ಲಿ ಓಹಾಯೋ ಸ್ಟೇಟ್ ಮೇಲೆ ಕೂತಿದೆ. "ಎಷ್ಟು ಲಂಚ ಕೊಟ್ಟಿದಾರೋ?" ಅಂತ ಗೆಳೆಯ ಕೇಳಿದ. ಎರಡನ್ನೂ ಸೇರಿಸಿ ಒಂದು ಮಾಡಬಹುದಿತ್ತು. ಬೇಡ ಅನ್ನಿಸಿತು. ನಾಳೆ ಆಡಿದರೆ ಯಾರು ಗೆಲ್ಲುತ್ತಾರೆ ಅನ್ನುವುದು ಒಂದು ಪ್ರಶ್ನೆ, ಇಲ್ಲಿಯವರೆಗೆ ಯಾರು ಜಾಸ್ತಿ ಸಂಪಾದಿಸಿದ್ದಾರೆ ಅನ್ನುವುದು ಇನ್ನೊಂದು. ಸಮಿತಿ ಸಿಕ್ಕಿಹಾಕಿಕೊಂಡದ್ದೂ ಇಲ್ಲೇ. ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಇಳಿದಿಲ್ಲ. ಹದಿಮೂರು ಆಡಿ ಹದಿಮೂರೂ ಗೆದ್ದವರಿಗೆ ಬಾಗಿಲು ತೆರೆಯಬೇಕು, ನನ್ನ ಅಂತರದ ಪಟ್ಟಿ ಏನೇ ಹೇಳಲಿ.

2024ರಲ್ಲಿ ಮೊದಲ ವಾರದಿಂದಲೇ ಲೆಕ್ಕ ಇಟ್ಟೆ. ಶುರುವಿನಲ್ಲಿ ಲೆಕ್ಕಕ್ಕೆ ಆಟವೇ ಇರುವುದಿಲ್ಲ, ಹಾಗಾಗಿ ಹಿಂದಿನ ವರ್ಷದ ರೇಟಿಂಗ್‌ನ ಅರ್ಧವನ್ನು ಬಂಡವಾಳವಾಗಿ ಕೊಟ್ಟೆ. ಅದೇ ಫ್ಲೋರಿಡಾ ಸ್ಟೇಟ್ ನನ್ನ ಮುಖಕ್ಕೆ ಮಸಿ ಬಳಿಯಿತು. ಡಬ್ಲಿನ್‌ನಲ್ಲಿ ಜಾರ್ಜಿಯಾ ಟೆಕ್‌ಗೆ 24-21ರಿಂದ ಸೋತು ಶುರು ಮಾಡಿ, 2 ಗೆದ್ದು 10 ಸೋತು ಮುಗಿಸಿತು. ಹಿಂದಿನ ವರ್ಷ ಬರೀ 3 ಗೆದ್ದಿದ್ದ ಇಂಡಿಯಾನಾ 12ರಲ್ಲಿ 11 ಗೆದ್ದಿತು. ಈಗ ಆಟಗಾರರು ವರ್ಷ ವರ್ಷ ಕಾಲೇಜು ಬದಲಿಸುತ್ತಾರೆ, ಹಳೆಯ ಬಂಡವಾಳಕ್ಕೆ ಬೆಲೆ ಕಡಿಮೆ. ಅರ್ಧವನ್ನು ಮೂರರಲ್ಲಿ ಒಂದಕ್ಕೆ ಇಳಿಸಿದೆ. ಅಕ್ಟೋಬರ್ ಬರುವಷ್ಟರಲ್ಲಿ ಅದನ್ನೂ ತೆಗೆದುಬಿಡುತ್ತೇನೆ.

ನವೆಂಬರ್ 30ರಂದು ಓಹಾಯೋ ಸ್ಟೇಟ್ ಮಿಶಿಗನನ್ನು 20 ಪಾಯಿಂಟ್‌ನಿಂದ ಗೆಲ್ಲಬೇಕು ಅಂತ ನನ್ನ ಶೀಟ್ ಹೇಳಿತ್ತು. 13-10ರಿಂದ ಸೋತೆವು, ನಮ್ಮೂರಲ್ಲೇ. ಪಕ್ಕದ ಮನೆಯ ಅಜ್ಜ ಅಂಗಳದ ಧ್ವಜ ಇಳಿಸಿ ಒಳಗೆ ಹೋದವರು ಸೋಮವಾರದವರೆಗೆ ಹೊರಗೆ ಕಾಣಲಿಲ್ಲ. ಗೆಲುವಿನ ಪಟ್ಟಿಯಲ್ಲಿ ನಾವು ಕೆಳಗೆ ಜಾರಿದೆವು. ಅಂತರದ ಪಟ್ಟಿ ಮಾತ್ರ ಕದಲಲಿಲ್ಲ, ಆಗಲೂ ನಮ್ಮನ್ನು ತುದಿಯಲ್ಲೇ ಇಟ್ಟಿತ್ತು. ಅದನ್ನು ಯಾರಿಗೂ ತೋರಿಸುವ ಧೈರ್ಯ ಆಗಲಿಲ್ಲ. ಆ ವರ್ಷದಿಂದ ಪ್ಲೇಆಫ್‌ಗೆ 12 ತಂಡ, ಆದ್ದರಿಂದ ಉಳಿದುಕೊಂಡೆವು.

ಹಾಗೆ ಉಳಿದ ನಮ್ಮವರು ಟೆನೆಸಿಯನ್ನು ಸೋಲಿಸಿದರು, ಒರೆಗಾನ್ ತಂಡವನ್ನು ಸೋಲಿಸಿದರು. ಸೆಮಿಫೈನಲ್‌ನಲ್ಲಿ ಎದುರು ಸಿಕ್ಕಿದ್ದು ಟೆಕ್ಸಸ್! 2025ರ ಜನವರಿ 10, ಆಟ ನಡೆದದ್ದು ಟೆಕ್ಸಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ. ಅದನ್ನು ಅವರ ಊರು ಅನ್ನಬೇಕೋ ಬೇಡವೋ ಅಂತ ನಾವಿಬ್ಬರೂ ಅರ್ಧ ಗಂಟೆ ಜಗಳ ಆಡಿ, ಕೊನೆಗೆ ಬೇಡ ಅಂತ ಆಯಿತು. ಶೀಟ್ ಹೇಳಿದ್ದು ಓಹಾಯೋ ಸ್ಟೇಟ್ 6ರಿಂದ.

ಕೊನೆಯಲ್ಲಿ 21-14. ಟೆಕ್ಸಸ್ ನಮ್ಮ ಗೋಲ್ ಲೈನ್‌ನಿಂದ ಒಂದೇ ಗಜ ದೂರ, ಕೈಯಲ್ಲಿ ನಾಲ್ಕು ಪ್ರಯತ್ನ. ಒಂದು ಟಚ್‌ಡೌನ್ ಆದರೆ ಸಮ. ಒಂದು ಪ್ರಯತ್ನದಲ್ಲಿ ಏಳು ಗಜ ಹಿಂದಕ್ಕೆ ಹೋದರು. ನಾಲ್ಕನೆಯದರಲ್ಲಿ ನಮ್ಮ ಜಾಕ್ ಸಾಯರ್ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಕಿತ್ತು, 83 ಗಜ ಓಡಿ ಟಚ್‌ಡೌನ್ ಮಾಡಿದ. 28-14.

ರಾತ್ರಿ ಹನ್ನೆರಡು ದಾಟಿತ್ತು. ಫೋನ್ ಬಂತು. ಅವನು ಆಟದ ಮಾತೇ ಎತ್ತಲಿಲ್ಲ.

"ಆ ಹದಿನಾಲ್ಕನ್ನ ಹಾಗೇ ಶೀಟ್‌ಗೆ ಹಾಕ್ತೀಯಾ?"

"ಮತ್ತೆ ಇನ್ನೇನು ಹಾಕಲಿ?"

"ಒಂದು ಗಜ ಕಣೋ. ಒಂದೇ ಒಂದು ಗಜ."

ಫೋನ್ ಕಿವಿಗೆ ಹಿಡಿದುಕೊಂಡೇ ಲ್ಯಾಪ್‌ಟಾಪ್ ತೆರೆದೆ. ಕೊನೆಯ ಸಾಲಿಗೆ ಹೋಗಿ 14 ಅಂತ ಬರೆದು ಎಂಟರ್ ಒತ್ತಿದೆ. ಕೀಲಿಯ ಸದ್ದು ಅವನಿಗೂ ಕೇಳಿಸಿರಬೇಕು.